ಕೋರ್ಟಿನ ಹರಾಜು ರದ್ದು ಮಾಡಿಸಬಹುದೇ?

ಪ್ರಶ್ನೆ: ನಮ್ಮ ಯಜಮಾನರು ಕೈಸಾಲ ಮಾಡಿದ್ದರು, ತೀರಿಸಲಾಗಲಿಲ್ಲ. ಕೇಸು ನಡೆದು 6 ಲಕ್ಷಕ್ಕೆ ಡಿಕ್ರಿ ಆಯಿತು. ಈಗ ಅವರ ಹೆಸರಿನಲ್ಲಿದ್ದ ಅಕ್ಕಪಕ್ಕದ ಎರಡೂ ಸೈಟುಗಳನ್ನು ಕೋರ್ಟು 24 ಲಕ್ಷಕ್ಕೆ ಹರಾಜು ಹಾಕಿದೆ. 38 ದಿನ ಆಯಿತು. ನಮಗೆ ಹರಾಜಿನ ನೋಟಿಸೇ ಬಂದಿಲ್ಲ. ಯಜಮಾನರು ಹಾಸಿಗೆ ಹಿಡಿದಿದ್ದಾರೆ. ನಾನು ಅರ್ಜಿ ಹಾಕಬಹುದೇ?

ಉತ್ತರ: ಹಾಕಬಹುದು ಅಮ್ಮ, ಆದರೆ ಇವತ್ತೇ ಓಡಾಟ ಶುರು ಮಾಡಿ. ಅರ್ಜಿಗೆ ಹರಾಜಾದ ದಿನದಿಂದ 60 ದಿನ ಮಾತ್ರ ಗಡುವು, ನಿಮಗೆ ಉಳಿದಿರುವುದು 22. ತಡವಾಯಿತು, ಮನ್ನಿಸಿ ಎಂದು ಕೇಳಲು ಬೇರೆ ಅರ್ಜಿಗಳಲ್ಲಿ ಅವಕಾಶ ಇರುತ್ತದೆ, ಇಲ್ಲಿ ಅದು ಇಲ್ಲ. ಕಾಯಿಲೆಯ ಕಾರಣ ಹೇಳಿದರೂ ನಡೆಯುವುದಿಲ್ಲ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದಲ್ಲಿ ಎರಡು ದಾರಿ ಇವೆ. ಹಣ ಹೊಂದಿಸಲು ಸಾಧ್ಯವಿದ್ದರೆ ನಿಯಮ 89 ಹಿಡಿಯಿರಿ. ಹರಾಜು ಘೋಷಣೆಯಲ್ಲಿ ಬರೆದ ಸಾಲದ ಮೊತ್ತ, ಜೊತೆಗೆ ಹರಾಜಿನ ಬೆಲೆಯ ಶೇ. 5, ಎರಡನ್ನೂ ಆ 60 ದಿನದೊಳಗೇ ಕೋರ್ಟಿನಲ್ಲಿ ಕಟ್ಟಬೇಕು. ಘೋಷಣೆಯಲ್ಲಿ 6 ಲಕ್ಷವೇ ಇದ್ದರೆ ಒಟ್ಟು 7 ಲಕ್ಷ 20 ಸಾವಿರ. ಆ ಮೇಲಿನ 1 ಲಕ್ಷ 20 ಸಾವಿರ ಹರಾಜಿನಲ್ಲಿ ಕೊಂಡವರಿಗೆ ಪರಿಹಾರವಾಗಿ ಹೋಗುತ್ತದೆ. ಹೀಗೆ ಕಟ್ಟಿದರೆ ಯಾರ ತಪ್ಪನ್ನೂ ಸಾಬೀತು ಮಾಡಬೇಕಿಲ್ಲ, ಹರಾಜು ರದ್ದಾಗುತ್ತದೆ. ಯಜಮಾನರ ಪರವಾಗಿ ನೀವೇ ಅರ್ಜಿ ಕೊಡಬಹುದು. ಘೋಷಣೆಯಲ್ಲಿ ಸೇರದ ಖರ್ಚು, ಬಡ್ಡಿ ಇದ್ದರೆ ಆ ಹೊಣೆ ಆಮೇಲೂ ಉಳಿಯುತ್ತದೆ.

ಎರಡನೆಯದು ನಿಯಮ 90. ಹರಾಜು ಸಾರುವುದರಲ್ಲಿ ಅಥವಾ ನಡೆಸುವುದರಲ್ಲಿ ದೊಡ್ಡ ಲೋಪ, ಇಲ್ಲವೇ ಮೋಸ ಆಗಿದೆ ಎಂದು ತೋರಿಸುವ ದಾರಿ. ಇಲ್ಲಿ ತುಂಬಾ ಜನ ಎಡವುತ್ತಾರೆ. ಬೆಲೆ ಕಡಿಮೆ ಬಂತು ಅಂತ ಅಷ್ಟೇ ಹೇಳಿದರೆ ಸಾಲದು, ಲೋಪ ಆಗಿದೆ ಅಂತ ಅಷ್ಟೇ ಹೇಳಿದರೂ ಸಾಲದು. ಆ ಲೋಪದಿಂದಲೇ ನಮಗೆ ಗಣನೀಯ ನಷ್ಟ ಆಯಿತು ಎಂದು ಎರಡನ್ನೂ ಜೋಡಿಸಿ ತೋರಿಸಬೇಕು.

ನಿಮ್ಮ ಪತ್ರ ಓದುವಾಗ ನನಗೆ ನೋಟಿಸಿಗಿಂತ ಹೆಚ್ಚಾಗಿ ಕಾಡಿದ್ದು ಆ ಎರಡು ಸೈಟಿನ ವಿಷಯ. 6 ಲಕ್ಷದ ಸಾಲಕ್ಕೆ 24 ಲಕ್ಷದ ಆಸ್ತಿ ಯಾಕೆ ಮಾರಬೇಕಿತ್ತು? ನಿಯಮ 64ರ ಪ್ರಕಾರ ಡಿಕ್ರಿ ತೀರಲು ಎಷ್ಟು ಬೇಕೋ ಅಷ್ಟೇ ಭಾಗ ಮಾರಬೇಕು. ಇದು ಕೋರ್ಟಿನ ಇಷ್ಟಕ್ಕೆ ಬಿಟ್ಟದ್ದಲ್ಲ, ಅದರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಬೇರೆ ಬೇರೆ ಸೈಟಾದ್ದರಿಂದ ಒಂದನ್ನು ಮಾರಿ ನಿಲ್ಲಿಸಬಹುದಿತ್ತು ಅಲ್ವಾ? ಇದನ್ನು ಅರ್ಜಿಯಲ್ಲಿ ಮೊದಲಿಗೇ ಬರೆಸಿ.

ವಕೀಲರ ಮೂಲಕ ಅಮಲ್ಜಾರಿ ಕೇಸಿನ, ಅಂದರೆ ಡಿಕ್ರಿ ಹಣ ವಸೂಲಿಗೆ ಹಾಕಿದ ಕೇಸಿನ, ಪೂರ್ತಿ ಕಡತ ನೋಡಿಸಿ, ನಕಲು ತೆಗೆಸಿ. ನೋಟಿಸು ಯಾವ ವಿಳಾಸಕ್ಕೆ ಹೋಯಿತು, ಜಾರಿ ಆಗಿದೆ ಎಂದು ಅಮೀನರು (ನೋಟಿಸು ತಲುಪಿಸುವ ಕೋರ್ಟಿನ ಸಿಬ್ಬಂದಿ) ಏನು ಬರೆದಿದ್ದಾರೆ, ಘೋಷಣೆ ಅಂಟಿಸಿದ ಮೇಲೆ 15 ದಿನವಾದರೂ ಬಿಟ್ಟು ಹರಾಜು ಮಾಡಿದರೇ, ಎಲ್ಲವೂ ಅದರಲ್ಲಿರುತ್ತದೆ. ಇನ್ನೊಂದನ್ನು ಮರೆಯದೆ ನೋಡಿ. ಕೊಂಡವರು ಶೇ. 25ನ್ನು ಅಲ್ಲೇ ಕಟ್ಟಿ, ಉಳಿದದ್ದನ್ನು 15 ದಿನದೊಳಗೆ ಕಟ್ಟಿರಬೇಕು. ಕಟ್ಟದಿದ್ದರೆ ಅದು ಮಾರಾಟವೇ ಅಲ್ಲ ಎಂದು 1954ರಷ್ಟು ಹಿಂದೆಯೇ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ.

ಎರಡೂ ಅರ್ಜಿಗಳನ್ನು ಒಟ್ಟಿಗೆ ನಡೆಸಲು ಬರುವುದಿಲ್ಲ. ನಿಯಮ 90ರ ಅರ್ಜಿ ಹಾಕಿದ್ದರೆ, ಅದನ್ನು ವಾಪಸು ಪಡೆದ ಮೇಲೆಯೇ 89ಕ್ಕೆ ಬರಬೇಕು, ಅಷ್ಟರಲ್ಲಿ 60 ದಿನ ಮುಗಿದಿದ್ದರೆ ಆ ಬಾಗಿಲೂ ಮುಚ್ಚುತ್ತದೆ. ಅದಕ್ಕೇ ಹಣ ಹೊಂದುತ್ತದೆಯೇ ಎಂದು ಈ ವಾರವೇ ಮನೆಯವರೆಲ್ಲ ಕೂತು ಲೆಕ್ಕ ಹಾಕಿ. ಅರ್ಜಿ ವಜಾ ಆದರೆ ಮೇಲ್ಮನವಿ ಹಾಕಬಹುದು. ಹರಾಜು ರದ್ದು ಮಾಡಿ ಎಂದು ಹೊಸದಾಗಿ ದಾವೆ ಹೂಡೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ನಿಯಮ 92 ಅದಕ್ಕೆ ಅವಕಾಶ ಕೊಡುವುದಿಲ್ಲ.