ಪ್ಯಾಚ್ ಮಾಡಿದ್ರೂ ನಿಜವಾದ ರಿಕ್ವೆಸ್ಟ್ ಹೋಗ್ತಿದೆ ಅಂದ್ರಲ್ಲ, ಅದಕ್ಕೆ

ಮಳೆ ಡೇಟಾ ತಗೊಂಡು ಮೆಸೇಜ್ ಕಳಿಸೋ ಪೈಥಾನ್ ಸ್ಕ್ರಿಪ್ಟಿಗೆ ಟೆಸ್ಟ್ ಬರೀತಿದೀನಿ, ಯೂನಿಟ್‌ಟೆಸ್ಟ್ ಮಾಕ್ ಸಾಕಾ ಪೈಟೆಸ್ಟ್-ಮಾಕ್ ಹಾಕ್ಬೇಕಾ, ಪ್ಯಾಚ್ ಮಾಡಿದ್ರೂ, ಅಂದ್ರೆ ನಿಜವಾದ ಫಂಕ್ಷನ್ ಜಾಗದಲ್ಲಿ ಮಾಕ್ ಅನ್ನೋ ನಕಲಿ ಕೂರಿಸಿದ್ರೂ, ರಿಕ್ವೆಸ್ಟ್ ಹೊರಗೆ ಹೋಗ್ತಿದೆ ಅಂತ ಕೇಳಿದೀರ. ಕೊನೇದು ಮೊದ್ಲು ಹೇಳ್ತೀನಿ, ಯಾಕಂದ್ರೆ ಅದು ಟೂಲ್ ಬದಲಾಯಿಸಿದ್ರೆ ಹೋಗೋ ತೊಂದ್ರೆ ಅಲ್ಲ. ನಿಮ್ಮ ಅಲರ್ಟ್ ಫೈಲಲ್ಲಿ 'ಫ್ರಮ್ ವೆದರ್ ಇಂಪೋರ್ಟ್ ಗೆಟ್‌ರೈನ್' ಅಂತಿದೆ, ಅಂದ್ರೆ ಆ ಹೆಸರು ಆಗ್ಲೇ ಅಲರ್ಟ್ ಮಾಡ್ಯೂಲಿಗೆ ಬಂದು ಕೂತಿದೆ, ನೀವಿನ್ನೂ 'ವೆದರ್.ಗೆಟ್‌ರೈನ್'ನ ಪ್ಯಾಚ್ ಮಾಡ್ತಿದೀರ. ಮದುವೆಯಾಗಿ ಹೋದವಳನ್ನ ತವರುಮನೇಲಿ ಹುಡುಕಿದ ಹಾಗಾಯ್ತು. 'ಅಲರ್ಟ್.ಗೆಟ್‌ರೈನ್' ಅಂತ ಕೊಡಿ.

ಇನ್ನು ಟೂಲ್. ಯೂನಿಟ್‌ಟೆಸ್ಟ್ ಮಾಕ್ 2012ರ ಪೈಥಾನ್ 3.3ರಿಂದ ಭಾಷೆ ಜೊತೇಲೇ ಬರುತ್ತೆ, ಪೈಟೆಸ್ಟ್-ಮಾಕ್ ಅದರ ಮೇಲೇ ಒಂದು ತೆಳು ಹೊದಿಕೆ ಅಷ್ಟೆ. ಆದ್ರೂ ನೀವು ಟೆಸ್ಟ್ ಓಡಿಸೋಕೆ ಪೈಟೆಸ್ಟ್ ಬಳಸ್ತಿದ್ರೆ ಹಾಕ್ಕೊಳಿ, ಟೆಸ್ಟ್ ಮುಗಿದ ತಕ್ಷಣ ಪ್ಯಾಚ್ ತಾನೇ ಬಿಚ್ಕೊಳುತ್ತೆ, ಫಂಕ್ಷನ್ ಮೇಲೆ '@ಪ್ಯಾಚ್' ಅಂತ ಡೆಕೊರೇಟರ್ ಸಾಲು ಮೂರು ಪೇರಿಸಿ ಕೆಳಗಿನದು ಮೊದಲ ಆರ್ಗ್ಯುಮೆಂಟಾಗಿ ಬರುತ್ತೆ ಅಂತ ನೆನಪಿಟ್ಕೊಳೋ ಕರ್ಮ ತಪ್ಪುತ್ತೆ. ಎನ್ವಿರಾನ್ಮೆಂಟ್ ವೇರಿಯಬಲ್ (ಪ್ರೋಗ್ರಾಮ್ ಹೊರಗಿಂದ ಓದೋ ಸೆಟ್ಟಿಂಗ್) ಬದಲಿಸೋಕೆ ಮಾತ್ರ ಪೈಟೆಸ್ಟ್ ಜೊತೇಲೇ ಬರೋ ಮಂಕಿಪ್ಯಾಚೇ ಸಾಕು.

ಯಾವುದೇ ತಗೊಳಿ, ಪ್ಯಾಚ್ ಮಾಡುವಾಗ 'ಆಟೋಸ್ಪೆಕ್=ಟ್ರೂ' ಕೊಡೋದು ಬಿಡ್ಬೇಡಿ. ನಾನು ಒಂದ್ಸಲ ಮೆಸೇಜ್ ಕಳಿಸೋ ಫಂಕ್ಷನ್‌ಗೆ ಭಾಷೆ ಅಂತ ಎರಡನೇ ಆರ್ಗ್ಯುಮೆಂಟ್ ಸೇರಿಸಿದೆ, ಅದನ್ನ ಕರೆಯೋ ಜಾಗದಲ್ಲಿ ಬದಲಿಸೋದು ಮರೆತೆ. ಟೆಸ್ಟೆಲ್ಲಾ ಹಸಿರು! ಬರೀ ಮಾಕ್‌ಗೆ ಏನು ಕೊಟ್ರೂ ಹೂಂ ಅನ್ನುತ್ತೆ, ಕೋಲೆ ಬಸವನ ಥರ. ರಾತ್ರಿ ಕ್ರಾನ್ (ಹೊತ್ತಿಗೆ ಸರಿಯಾಗಿ ಸ್ಕ್ರಿಪ್ಟ್ ಓಡಿಸೋದು) ಓಡಿದಾಗ ಟೈಪ್‌ಎರರ್, ಒಬ್ಬರಿಗೂ ಮೆಸೇಜ್ ಹೋಗಿಲ್ಲ. ಆಟೋಸ್ಪೆಕ್ ಇದ್ದಿದ್ರೆ ನಿಜವಾದ ಫಂಕ್ಷನ್ನಿನ ಸಿಗ್ನೇಚರ್, ಅಂದ್ರೆ ಯಾವ್ಯಾವ ಆರ್ಗ್ಯುಮೆಂಟ್ ಬೇಕು ಅನ್ನೋದು, ನೋಡಿ ಟೆಸ್ಟಲ್ಲೇ ಬೈತಿತ್ತು.

ಗೆಟ್‌ರೈನ್ ಒಳಗಿನದನ್ನೇ ಟೆಸ್ಟ್ ಮಾಡುವಾಗ ವೆಬ್ಬಿಗೆ ರಿಕ್ವೆಸ್ಟ್ ಕಳಿಸೋ ರಿಕ್ವೆಸ್ಟ್ಸ್ ಲೈಬ್ರರಿನ ಕೈಯಾರೆ ಮಾಕ್ ಮಾಡೋಕೆ ಹೋಗ್ಬೇಡಿ, ರಿಟರ್ನ್ ವ್ಯಾಲ್ಯೂ ಡಾಟ್ ಜೇಸನ್ ಡಾಟ್ ರಿಟರ್ನ್ ವ್ಯಾಲ್ಯೂ ಅಂತ ರೈಲು ಬಿಡ್ತಾ ಇರ್ಬೇಕಾಗುತ್ತೆ. ರೆಸ್ಪಾನ್ಸಸ್ ಅಂತ ಲೈಬ್ರರಿ ಇದೆ, ಯುಆರ್‌ಎಲ್‌ಗೆ ಉತ್ತರ ಬರೆದಿಟ್ರೆ ಆಯ್ತು, ಬರೆದಿಡದ ಯುಆರ್‌ಎಲ್ ಕರೆದ್ರೆ ಕನೆಕ್ಷನ್‌ಎರರ್ ಕೊಡುತ್ತೆ, ಹಾಗಾಗಿ ಕಳ್ಳದಾರೀಲಿ ರಿಕ್ವೆಸ್ಟ್ ಹೋಗಲ್ಲ. ರಿಕ್ವೆಸ್ಟ್ಸ್ ಬದಲು ಹೆಚ್‌ಟಿಟಿಪಿಎಕ್ಸ್ ಲೈಬ್ರರಿ ಬಳಸ್ತಿದ್ರೆ ರೆಸ್ಪೆಕ್ಸ್ ಹಾಕಿ. ಈಗಿನ ಹೊತ್ತು ಕೊಡೋ 'ಡೇಟ್‌ಟೈಮ್.ನೌ' ಸಿ ಭಾಷೇಲಿ ಬರೆದಿದ್ದು, ನೇರ ಪ್ಯಾಚ್ ಆಗಲ್ಲ, ಹೊತ್ತು ನಿಲ್ಲಿಸೋ ಫ್ರೀಜ್‌ಗನ್ ಹಾಕಿ. ಎಸ್‌ಕ್ಯೂಲೈಟನ್ನಂತೂ ಮಾಕ್ ಮಾಡ್ಲೇಬೇಡಿ, ಮೆಮೊರೀಲಿ ನಿಜವಾದ ಡೇಟಾಬೇಸೇ ತೆರೀಬಹುದು.

ಮೊದ್ಲು ಆ ಪ್ಯಾಚ್ ಸಾಲು ಬದಲಿಸಿ ಓಡಿಸಿ, ಆಮೇಲೂ ರಿಕ್ವೆಸ್ಟ್ ಹೋದ್ರೆ ಟೆಸ್ಟ್ ಫೈಲ್ ಪೂರ್ತಿ ಇಲ್ಲಿ ಹಾಕಿ, ಎಪಿಐ ಕೀ ಅಳಿಸಿ ಹಾಕಿ ಮತ್ತೆ.