ನನ್ನ ಪುಸ್ತಕ ಹರಿದ ಅಪ್ಪ, ಮಗಳ ಜೊತೆ ಚಿತ್ರ ಬಿಡಿಸುತ್ತಾರೆ

ಪ್ರಶ್ನೆ: ನನಗೆ 44 ವರ್ಷ, ಅಪ್ಪನಿಗೆ 74. ಚಿಕ್ಕಂದಿನಲ್ಲಿ ಅಪ್ಪ ಎಂದರೆ ನನಗೆ ನಡುಕ. ಅಂಕ ಕಡಿಮೆ ಬಂದರೆ ಏಟು, ಎದುರು ಮಾತಾಡಿದರೆ ಏಟು. ನನಗೆ 11 ವರ್ಷವಿದ್ದಾಗ, ನಾನು ಚಿತ್ರ ಬಿಡಿಸುತ್ತಿದ್ದ ಪುಸ್ತಕವನ್ನು ಕಣ್ಣೆದುರೇ ಹರಿದು ಹಾಕಿದರು. ಆಮೇಲೆ ನಾನು ಚಿತ್ರ ಬಿಡಿಸಲೇ ಇಲ್ಲ. ಈಗ ಅದೇ ಅಪ್ಪ ನನ್ನ 7 ವರ್ಷದ ಮಗಳ ಪಕ್ಕ ನೆಲದ ಮೇಲೆ ಕೂತು ಬಣ್ಣ ತುಂಬುತ್ತಾರೆ, ಅವಳ ಚಿತ್ರಗಳನ್ನು ಗೋಡೆಗೆ ಅಂಟಿಸುತ್ತಾರೆ. ಕೆಲವು ವರ್ಷಗಳಿಂದ ಹೀಗೇ ಮೆತ್ತಗಾಗುತ್ತಾ ಬಂದಿದ್ದಾರೆ. ಅದನ್ನು ನೋಡಿ ಖುಷಿಪಡಬೇಕಾದ ನನಗೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ. ಮೊನ್ನೆ ‘ನಿನ್ನ ಮೇಲೆ ಯಾವತ್ತಾದರೂ ಕೈ ಮಾಡಿದ್ದೀನೇನೋ?’ ಎಂದು ನಗುತ್ತಾ ಕೇಳಿದರು. ನಾನು ಎದ್ದು ಹೊರಗೆ ಹೋದೆ. ‘ವಯಸ್ಸಾಯಿತು, ಬಿಟ್ಟುಬಿಡಿ’ ಎನ್ನುತ್ತಾಳೆ ಹೆಂಡತಿ. ಈ ವಯಸ್ಸಿನಲ್ಲಿ ಮನುಷ್ಯ ನಿಜವಾಗಿ ಬದಲಾಗುತ್ತಾನಾ, ಇಲ್ಲ ಇದು ನಾಟಕವಾ? ಹಳೆಯದನ್ನು ಈಗ ಕೆದಕಬೇಕಾ? ಸ್ವಂತ ಮಗಳ ಮೇಲೆ ಹೊಟ್ಟೆಕಿಚ್ಚು ಪಡುವ ನಾನು ಎಂಥ ಅಪ್ಪ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ನಿಮ್ಮನ್ನು ಹೆಚ್ಚು ಸುಡುತ್ತಿರುವುದು ಅದೇ ಎಂದು ಪತ್ರ ಓದಿದಾಗ ಅನ್ನಿಸಿತು. ಆ ಹೊಟ್ಟೆಕಿಚ್ಚು 11 ವರ್ಷದ ಹುಡುಗನದು. ಅವನಿಗೆ ಸಿಗಬೇಕಾಗಿದ್ದದ್ದು ಅವನ ಕಣ್ಣೆದುರೇ ಇನ್ನೊಂದು ಮಗುವಿಗೆ ಸಿಗುತ್ತಿದೆ. ಅವನು ಸಂಕಟಪಡದೆ ಇನ್ನೇನು ಮಾಡಿಯಾನು? ನೀವಾದರೂ ಮಗಳ ಕೈಯಿಂದ ಪೆನ್ಸಿಲ್ ಕಿತ್ತುಕೊಳ್ಳಲಿಲ್ಲ, ಅವಳ ಮೇಲೆ ರೇಗಲಿಲ್ಲ, ಎದ್ದು ಹೊರಗೆ ಹೋದಿರಿ. ಎಂಥ ಅಪ್ಪ ಎಂಬ ಪ್ರಶ್ನೆಗೆ ನನಗೆ ಅಷ್ಟು ಉತ್ತರ ಸಾಕು.

ಇನ್ನು, ಮನುಷ್ಯ ಬದಲಾಗುತ್ತಾನಾ ಎಂಬುದು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆ ನಮ್ಮೊಳಗೆ ಆಳವಾಗಿ ಕೂತಿದೆ. ಮನಃಶಾಸ್ತ್ರವೂ ಇದಕ್ಕೆ ಹತ್ತಿರದ ಮಾತನ್ನೇ ಬಹಳ ಕಾಲ ಹೇಳುತ್ತಿತ್ತು. ವ್ಯಕ್ತಿತ್ವದ ಅಡಿಪಾಯ ಮೊದಲ ಐದಾರು ವರ್ಷಗಳಲ್ಲೇ ಬಿದ್ದುಬಿಡುತ್ತದೆ ಎಂದು ಫ್ರಾಯ್ಡ್ ನಂಬಿದ್ದರು. 1950ರಲ್ಲಿ ಮನಃಶಾಸ್ತ್ರಜ್ಞ ಎರಿಕ್ ಎರಿಕ್ಸನ್ ಆ ಗೆರೆಯನ್ನು ಬದುಕಿನ ತುದಿಯವರೆಗೂ ಎಳೆದರು. ಹುಟ್ಟಿನಿಂದ ಮುಪ್ಪಿನವರೆಗೆ ಎಂಟು ಹಂತಗಳು, ಪ್ರತಿ ಹಂತದಲ್ಲೂ ಮನಸ್ಸಿಗೆ ಒಂದೊಂದು ಹೊಸ ಹೋರಾಟ ಎಂದರು. ಎರಿಕ್ಸನ್ ತಮ್ಮನ್ನು ಹೆತ್ತ ತಂದೆ ಯಾರೆಂದು ತಿಳಿಯದೆಯೇ ಬದುಕಿದವರು. ಮಲತಂದೆಯ ಹೆಸರಿನಲ್ಲಿ ಬೆಳೆದು, 1939ರಲ್ಲಿ ಅಮೆರಿಕದ ಪೌರತ್ವ ಪಡೆಯುವಾಗ ಎರಿಕ್ಸನ್ ಎಂಬ ಹೆಸರನ್ನು ತಾವೇ ಇಟ್ಟುಕೊಂಡರು. ‘ನಾನು ಯಾರು’ ಎಂಬ ಪ್ರಶ್ನೆಯನ್ನು ಅಷ್ಟು ಗಂಭೀರವಾಗಿ ಹಿಡಿದವರ ಹಿಂದೆ ಈ ಬದುಕಿತ್ತು ಎಂಬುದು ನನ್ನನ್ನು ಪ್ರತಿ ಸಲವೂ ತಟ್ಟುತ್ತದೆ.

ಆಮೇಲಿನ ಸಂಶೋಧನೆಗಳೂ ಇದೇ ದಿಕ್ಕಿನಲ್ಲಿವೆ. ಮನಃಶಾಸ್ತ್ರಜ್ಞ ಬ್ರೆಂಟ್ ರಾಬರ್ಟ್ಸ್ ಮತ್ತು ಜೊತೆಗಾರರು 2006ರಲ್ಲಿ, ಒಂದೇ ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದರು. ಜವಾಬ್ದಾರಿ, ಭಾವನೆಗಳ ಮೇಲಿನ ಹಿಡಿತ ಹೆಚ್ಚಾಗಿ ಬಲಿಯುವುದು 20ರಿಂದ 40ರ ನಡುವೆ. ಇತರರೊಂದಿಗೆ ಮೃದುವಾಗಿ ನಡೆದುಕೊಳ್ಳುವ ಗುಣ ಎದ್ದು ಕಾಣುವಷ್ಟು ಬೆಳೆದದ್ದು ವಯಸ್ಸಾದ ಮೇಲೆಯೇ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞೆ ಲಾರಾ ಕಾರ್ಸ್ಟನ್ಸನ್ ಇದಕ್ಕೆ ಹೊಂದುವ ಒಂದು ವಿವರಣೆ ಕೊಡುತ್ತಾರೆ. ಮುಂದಿರುವ ಸಮಯ ಕಡಿಮೆ ಎಂದು ಅರಿವಾದಾಗ ಮನುಷ್ಯ ದೂರದ ಗುರಿಗಳನ್ನು ಕೆಳಗಿಟ್ಟು, ಹತ್ತಿರದವರ ಕಡೆಗೆ, ಈ ಹೊತ್ತಿನ ಸಂತೋಷದ ಕಡೆಗೆ ತಿರುಗುತ್ತಾನೆ. ನಿಮ್ಮ ಅಂಕಪಟ್ಟಿ ನೋಡುವಾಗ ಅವರ ಕಣ್ಣಿಗೆ ಕಾಣುತ್ತಿದ್ದದ್ದು ಮುಂದಿನ ಇಪ್ಪತ್ತು ವರ್ಷ, ಅದರ ಭಯ. ಮೊಮ್ಮಗಳ ಪಕ್ಕ ಕೂತಾಗ ಕಾಣುವುದು ಅವಳು ಬಳಿಯುತ್ತಿರುವ ಬಣ್ಣ ಮಾತ್ರ.

ಹಾಗಾಗಿ ನಾಟಕ ಎಂದು ನನಗೆ ಅನ್ನಿಸುವುದಿಲ್ಲ. ವರ್ಷಗಟ್ಟಲೆ ನಾಟಕವಾಡಿ 7 ವರ್ಷದ ಮಗುವನ್ನು ನಂಬಿಸುವುದು ಸುಲಭವಲ್ಲ. (ಬದಲಾವಣೆ ಕೆಲವೇ ತಿಂಗಳಲ್ಲಿ ದಿಢೀರನೆ ಬಂದಿದ್ದರೆ, ಜೊತೆಗೆ ಮರೆವು, ದಾರಿ ತಪ್ಪುವುದು, ವಿಚಿತ್ರ ವರ್ತನೆ ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ ಎನ್ನುತ್ತಿದ್ದೆ. ಮಿದುಳಿನ ಕೆಲವು ಕಾಯಿಲೆಗಳು ಮೊದಲು ಸ್ವಭಾವವನ್ನೇ ಬದಲಿಸುತ್ತವೆ. ನೀವು ಬರೆದಿರುವುದು ಹಾಗಿಲ್ಲ.)

ಆದರೆ ಅಪ್ಪ ಬದಲಾದರು ಎಂದ ಮಾತ್ರಕ್ಕೆ ನಿಮಗಾದದ್ದು ಆಗಿಲ್ಲವೆಂದಲ್ಲ. ‘ವಯಸ್ಸಾಯಿತು, ಬಿಟ್ಟುಬಿಡಿ’ ಎನ್ನುವವರು ಇಲ್ಲೇ ಎಡವುತ್ತಾರೆ. ಮೊಮ್ಮಗಳಿಗೆ ಕೊಟ್ಟ ಪ್ರೀತಿ ಮಗನ ಖಾತೆಗೆ ಜಮೆಯಾಗುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡಿ. ನಿಮಗೆ 11 ಆದಾಗ ನಿಮ್ಮ ಅಪ್ಪನಿಗೆ 41. ಪುಸ್ತಕ ಹರಿದ ಆ ಮನುಷ್ಯನಿಗಿಂತ ಈಗ ನೀವೇ ಮೂರು ವರ್ಷ ದೊಡ್ಡವರು. ನಿಮ್ಮ ನೆನಪಿನಲ್ಲಿ ಅವರು ಇನ್ನೂ ಬಾಗಿಲಿನಷ್ಟು ಎತ್ತರ. ನಡುವಯಸ್ಸಿನ ಹೋರಾಟವನ್ನು ಎರಿಕ್ಸನ್ ಹೀಗೆ ಗುರುತಿಸಿದ್ದರು: ಮುಂದಿನ ತಲೆಮಾರನ್ನು ಪೊರೆಯುವುದು, ಇಲ್ಲವೇ ನಿಂತ ನೀರಾಗುವುದು. ಅಪ್ಪ 41ರಲ್ಲಿ ಅದರಲ್ಲಿ ಸೋತರು, ಆ ಸೋಲನ್ನು ನೀವು ಮೈಮೇಲೆ ಹೊತ್ತಿರಿ. ಇದನ್ನು ಹೇಳುತ್ತಿರುವುದು ಅವರನ್ನು ಕ್ಷಮಿಸಲಿ ಎಂದಲ್ಲ. ಆ ಕಾಲದ ಅಪ್ಪನನ್ನು ಒಮ್ಮೆ ನಿಮ್ಮದೇ ವಯಸ್ಸಿನವನಾಗಿ, ಎದುರುಬದುರು ನಿಂತು ನೋಡಲಿ ಎಂದು. ‘ನನಗೆ ಈಗ ಅಷ್ಟೇ ವಯಸ್ಸು, ನಾನು ಹರಿಯುವುದಿಲ್ಲ’ ಎಂದು ಅವರಿಗೆ ಮನಸ್ಸಿನಲ್ಲೇ ಹೇಳಬಲ್ಲಿರಿ. ಅದು ನಿಜವೂ ಹೌದು.

‘ಕೈ ಮಾಡಿದ್ದೀನೇನೋ’ ಎಂಬ ಮಾತಿಗೆ ನಿಮ್ಮ ಮೈ ಉರಿದಿರಬೇಕು. ನನಗೂ ಓದುವಾಗ ಉರಿಯಿತು. ವಯಸ್ಸಾದವರು ಹಿಂದಿನದನ್ನು ಮೆಲುಕು ಹಾಕುವುದು ಬರೀ ಕಾಲಹರಣವಲ್ಲ, ಬದುಕಿನ ಲೆಕ್ಕ ನೋಡುವ ಕೆಲಸ ಎಂದು ವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಬರೆದಿದ್ದರು. ಆ ಲೆಕ್ಕದಲ್ಲಿ ಕೆಲವರು ನಾಚಿಕೆಯ ಪುಟಗಳನ್ನು ಹಾರಿಸುತ್ತಾರೆ. ಇನ್ನು ಕೆಲವರಿಗೆ ಆ ಪುಟಗಳು ನಿಜಕ್ಕೂ ಮಸುಕಾಗಿರುತ್ತವೆ, ನೆನಪು ಪ್ರತಿ ಸಲವೂ ಹೊಸದಾಗಿ ಕಟ್ಟಿಕೊಳ್ಳುವಂಥದ್ದು. ಒಂದು ಸಾಧ್ಯತೆ ನನ್ನ ಮನಸ್ಸಿಗೆ ಬಂತು. ಅವರು ಅದನ್ನು ಪ್ರಶ್ನೆಯಾಗಿ ಕೇಳಿದ್ದು ಏಕೆ? ಏನೂ ನೆನಪಿಲ್ಲದವರು ಆ ಮಾತನ್ನೇ ಎತ್ತುವುದು ಕಡಿಮೆ.

ಮಾತಾಡಿ ಎಂಬುದು ನನ್ನ ಸಲಹೆ. ಮಗಳು ಮನೆಯಲ್ಲಿಲ್ಲದ ಹೊತ್ತು ನೋಡಿಕೊಳ್ಳಿ. ಏಟುಗಳ ಪಟ್ಟಿ ಹಿಡಿದು ಹೋಗಬೇಡಿ, ಪಟ್ಟಿ ಕೇಳಿದವರು ವಾದಕ್ಕೆ ಇಳಿಯುತ್ತಾರೆ. ಆ ಪುಸ್ತಕದ ವಿಷಯ ಒಂದನ್ನೇ ಹೇಳಿ. ‘ಅಪ್ಪ, ಅವತ್ತು ನೀವು ಕೇಳಿದಿರಲ್ಲ, ಕೈ ಮಾಡಿದ್ದೀರಿ. ನನ್ನ ಚಿತ್ರದ ಪುಸ್ತಕವನ್ನೂ ಹರಿದು ಹಾಕಿದ್ದಿರಿ. ಆಮೇಲೆ ನಾನು ಚಿತ್ರ ಬಿಡಿಸಲಿಲ್ಲ.’ ಅಷ್ಟು ಹೇಳಿ ಸುಮ್ಮನಾಗಿ. ಅವರು ಅಳಬಹುದು, ರೇಗಬಹುದು, ‘ನಿನ್ನ ಒಳ್ಳೆಯದಕ್ಕೇ’ ಎನ್ನಬಹುದು, ಎದ್ದು ಒಳಗೆ ಹೋಗಲೂಬಹುದು. ಕ್ಷಮೆ ಕೇಳಿಯೇ ಕೇಳುತ್ತಾರೆಂದು ಕಾಯಬೇಡಿ. ನೀವು ಕ್ಷಮಿಸಲೇಬೇಕೆಂಬ ಕಟ್ಟುಪಾಡೂ ಇಲ್ಲ. ಆ ದಿನದ ಮಾತು ಹೊರಗೆ ಬಂದರೆ ಸಾಕು. ಬಾಯಿ ಬಾರದಿದ್ದರೆ ಬರೆದು ಕೊಡಿ. ನಿದ್ದೆ ಕೆಡುತ್ತಿದ್ದರೆ, ಮನೆಯಲ್ಲಿ ವಿನಾಕಾರಣ ಸಿಟ್ಟು ಹೊರಬೀಳುತ್ತಿದ್ದರೆ ಆಪ್ತಸಮಾಲೋಚಕರ ಬಳಿ ನಾಲ್ಕಾರು ಸಲ ಕೂತು ಬಂದು ಆಮೇಲೆ ಅಪ್ಪನೆದುರು ಹೋಗಿ.

ಮಗಳನ್ನು ಇದರಿಂದ ಹೊರಗಿಡಿ. ಅವಳ ತಾತ ಅವಳಿಗೆ ಇರಲಿ. ಅವಳ ಮೇಲೆ ಯಾವತ್ತಾದರೂ ಕೈ ಎತ್ತಿದರೆ ಮಾತ್ರ ನೀವು ಅಲ್ಲೇ, ಆಗಲೇ ತಡೆಯಬೇಕು.

ಇನ್ನೊಂದು ಮಾತು. ಆ ಪುಸ್ತಕದಲ್ಲಿ ಏನೇನು ಬಿಡಿಸಿದ್ದಿರಿ ಎಂದು ನೀವು ಬರೆದಿಲ್ಲ. ನೆನಪಿದ್ದರೆ ಇವತ್ತು ಸಂಜೆ ಮಗಳ ಪಕ್ಕ ಕೂತು ಅದರಲ್ಲೊಂದನ್ನು ಬಿಡಿಸಿ ತೋರಿಸಿ.