ನಾಯಿಗೂ ಮಗುವಿಗೂ ಒಟ್ಟಿಗೇ ಕೆಮ್ಮು: ನಾಯಿಯಿಂದಲೇ ಬಂತಾ?

ಬೋರ್ಡಿಂಗಿನಿಂದ (ಊರಿಗೆ ಹೋಗುವಾಗ ನಾಯಿ ಬಿಟ್ಟುಹೋಗುವ ಜಾಗ) ಬಂದ ನಾಯಿ ಕೆಮ್ಮುತ್ತಿದೆ, ಎರಡು ವರ್ಷದ ಮಗಳೂ ಬೊಗಳಿದ ಹಾಗೇ ಕೆಮ್ಮುತ್ತಿದ್ದಾಳೆ, ಇಬ್ಬರ ಡಾಕ್ಟರೂ 'ಪ್ಯಾರಾಇನ್‌ಫ್ಲುಯೆಂಜಾ' ಅಂದಿದ್ದಾರೆ, ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡಬೇಕಾ ಅಂತ ಕೇಳಿದ್ದೀರಿ. ಬೇಡ. ಹೆಸರು ಒಂದೇ, ವೈರಸ್ ಬೇರೆ.

ಪುಣೆಯ ಕೋಥ್ರೂಡಿನ ನಮ್ಮ ಮನೆಯಲ್ಲೂ ಹೋದ ದೀಪಾವಳಿಗೆ ಇದೇ ಆಯಿತು. ನಮ್ಮ ನಾಯಿ ಗುಂಡನನ್ನು ನಾಲ್ಕು ದಿನ ಬೋರ್ಡಿಂಗಿನಲ್ಲಿ ಬಿಟ್ಟು ಧಾರವಾಡಕ್ಕೆ ಹೋಗಿದ್ದೆವು. ವಾಪಸ್ ಬಂದ ಮೇಲೆ ಅವನು ಗಂಟಲಲ್ಲಿ ಮೂಳೆ ಸಿಕ್ಕವನ ಹಾಗೆ ಕೆಮ್ಮಿ ಕೆಮ್ಮಿ ಬಿಳಿ ನೊರೆ ಕಕ್ಕತೊಡಗಿದ. ಎರಡನೇ ರಾತ್ರಿ ಮಗನಿಗೂ ಶುರು. ಪಕ್ಕದ ಮನೆಯ ಆಜಿ 'ಡಾಂಗ್ಯಾ ಖೋಕಲಾ' ಅಂದರು, ಮರಾಠಿಯಲ್ಲಿ ನಾಯಿಕೆಮ್ಮು ಅಂತ. ಫೋನಿನಲ್ಲಿ ಅಮ್ಮ, "ಅದು ನಾಯಿಕೆಮ್ಮು ನೋಡವಾ, ಮೊದ್ಲ ಆ ನಾಯೀನ ಹೊರಗ ಕಟ್ಟು" ಅಂದಳು.

ನಮ್ಮನ್ನು ದಾರಿ ತಪ್ಪಿಸುವುದು ಈ ಪದವೇ. ಕನ್ನಡದ ನಾಯಿಕೆಮ್ಮಿಗೂ ನಾಯಿಗೂ ಸಂಬಂಧವಿಲ್ಲ. ಅದು ಬೋರ್ಡೆಟೆಲ್ಲಾ ಪರ್ಟುಸಿಸ್ ಅನ್ನುವ ಬ್ಯಾಕ್ಟೀರಿಯಾದಿಂದ, ಮನುಷ್ಯರಿಂದ ಮನುಷ್ಯರಿಗೇ ಬರುವ ಕಾಯಿಲೆ. ಮಕ್ಕಳಿಗೆ 6, 10, 14 ವಾರಕ್ಕೆ ಹಾಕಿಸುವ ಪೆಂಟಾವೇಲೆಂಟ್ ಲಸಿಕೆಯಲ್ಲಿ ಅದಕ್ಕೂ ರಕ್ಷಣೆ ಇದೆ.

ನನ್ನ ಮಗನಿಗೆ ಬಂದದ್ದು ಕ್ರೂಪ್, ಅಂದರೆ ವೈರಸ್‌ನಿಂದ ಮಕ್ಕಳ ಉಸಿರುದಾರಿ ಊದಿಕೊಳ್ಳುವುದು. ಮನುಷ್ಯರ ಪ್ಯಾರಾಇನ್‌ಫ್ಲುಯೆಂಜಾದಲ್ಲಿ ನಾಲ್ಕು ಬಗೆ. ಒಂದನೆಯದು ಕ್ರೂಪ್‌ಗೆ ಹೆಸರುವಾಸಿ, ಮೂರನೆಯದು ಹಸುಗೂಸುಗಳ ಎದೆಗೆ ಇಳಿಯುವುದು ಜಾಸ್ತಿ. ಧ್ವನಿಪೆಟ್ಟಿಗೆಯ ಕೆಳಗೆ ಮಕ್ಕಳ ಉಸಿರುದಾರಿ ಮೊದಲೇ ಸಣ್ಣದು, ಅಲ್ವಾ? ಅಲ್ಲಿ ಸ್ವಲ್ಪ ಊದಿದರೂ ಕೆಮ್ಮು ಬೊಗಳಿದ ಹಾಗೆ ಕೇಳುತ್ತದೆ. ಧಾರವಾಡದ ಮನೆತುಂಬ ಮೂಗು ಸೋರಿಸಿಕೊಂಡು ಓಡಾಡುತ್ತಿದ್ದ ಮಕ್ಕಳಿದ್ದರು. ನನ್ನ ಅನುಮಾನ ಅವರ ಮೇಲೆ, ಗುಂಡನ ಮೇಲಲ್ಲ.

ಗುಂಡನದು ಕೆನಲ್ ಕೆಮ್ಮು, ಅಂದರೆ ನಾಯಿಯಿಂದ ನಾಯಿಗೆ ಹರಡುವ ಕೆಮ್ಮು. ನಾಯಿಗಳ ಪ್ಯಾರಾಇನ್‌ಫ್ಲುಯೆಂಜಾವನ್ನು ಈಗ ಐದನೇ ಬಗೆ ಅಂತ ಕರೆಯುತ್ತಾರೆ. ತಮಾಷೆ ಅಂದರೆ, 1950ರ ದಶಕದಲ್ಲಿ ಅದು ಮೊದಲು ಸಿಕ್ಕಿದ್ದು ಲ್ಯಾಬಿನಲ್ಲಿ ಬೆಳೆಸಿದ್ದ ಕೋತಿ ಮೂತ್ರಪಿಂಡದ ಕೋಶಗಳಲ್ಲಿ! ಮನುಷ್ಯರಿಗೆ ಅದು ಕಾಯಿಲೆ ತರುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಒಂದೇ ಎಚ್ಚರಿಕೆ: ಕೆನಲ್ ಕೆಮ್ಮಿನಲ್ಲಿ ಬೋರ್ಡೆಟೆಲ್ಲಾ ಬ್ರಾಂಕಿಸೆಪ್ಟಿಕಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾವೂ ಸೇರಿರಬಹುದು. ಅದು ತೀರಾ ಅಪರೂಪಕ್ಕೆ ಮನುಷ್ಯರಿಗೆ ಅಂಟುತ್ತದೆ. ಮನೆಯಲ್ಲಿ ಕ್ಯಾನ್ಸರಿಗೆ ಕೀಮೋ ತೆಗೆದುಕೊಂಡು ರೋಗನಿರೋಧಕ ಶಕ್ತಿ ಕುಗ್ಗಿರುವವರು ಇದ್ದರೆ ಅವರು ನಾಯಿಯಿಂದ ದೂರ ಇರಲಿ.

ಈಗ ನಾಯಿಯ ಚಿಂತೆ ಬಿಟ್ಟು ಮಗಳ ಉಸಿರು ನೋಡಿ. ಕ್ರೂಪ್ ಜೋರಾಗುವುದು ರಾತ್ರಿಯೇ. ಸುಮ್ನೆ ಮಲಗಿದ್ದಾಗಲೂ ಉಸಿರೆಳೆದರೆ ಕರಕರ ಸದ್ದು, ಪಕ್ಕೆಲುಬಿನ ನಡುವೆ ಒಳಗೆ ಎಳೆದುಕೊಳ್ಳುವುದು, ತುಟಿ ನೀಲಿ, ಜೊಲ್ಲು ನುಂಗಲು ಆಗದಿರುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಎತ್ತಿಕೊಂಡೇ ಆಸ್ಪತ್ರೆಗೆ ಹೋಗಿ. ಅತ್ತರೆ ಉಸಿರು ಇನ್ನೂ ಕಷ್ಟ, ಆದ್ದರಿಂದ ಗಂಟಲು ನೋಡುತ್ತೇನೆ ಅಂತ ಚಮಚ ತುರುಕಬೇಡಿ. ನಾನು ಮೊದಲ ರಾತ್ರಿ ಹಬೆ ಕೊಡಲು ಹೋಗಿದ್ದೆ. ಅದರಿಂದ ಉಪಯೋಗವಿಲ್ಲ, ಬಿಸಿನೀರು ಮೈಮೇಲೆ ಚೆಲ್ಲುವ ಅಪಾಯ ಬೇರೆ ಅಂತ ಡಾಕ್ಟರ್ ಬೈದರು. ಮಗನಿಗೆ ಊತ ಇಳಿಸುವ ಸ್ಟೀರಾಯ್ಡ್ ಡೆಕ್ಸಾಮೆಥಸೋನ್ ಒಂದೇ ಡೋಸ್ ಕೊಟ್ಟರು, ಕೆಲವು ಗಂಟೆಗಳಲ್ಲಿ ಇಳಿಯಿತು. ವೈರಸ್ ಆದ್ದರಿಂದ ಆ್ಯಂಟಿಬಯೋಟಿಕ್ ಬರೆಯಲಿಲ್ಲ. ಮನುಷ್ಯರ ಪ್ಯಾರಾಇನ್‌ಫ್ಲುಯೆಂಜಾಕ್ಕೆ ಲಸಿಕೆ ಇಲ್ಲ, ಫ್ಲೂ ಲಸಿಕೆ ಇದನ್ನು ತಡೆಯುವುದಿಲ್ಲ.

ನಾಯಿಯ ಕತ್ತುಪಟ್ಟಿ ಬಿಚ್ಚಿ, ಗಂಟಲು ಒತ್ತದ ಹಾಗೆ ಎದೆಗೆ ಹಾಕುವ ಪಟ್ಟಿ (ಹಾರ್ನೆಸ್) ಹಾಕಿ. ಮಗುವಿನ ಕೆಮ್ಮಿನ ಸಿರಪ್, ಪ್ಯಾರಾಸಿಟಮಾಲ್ ಯಾವುದನ್ನೂ ನಾಯಿಗೆ ಕೊಡಬೇಡಿ, ಜೀವಕ್ಕೇ ಅಪಾಯ. 'ಗುಂಡನಿಗೆ ಲಸಿಕೆ ಹಾಕಿಸಿದ್ದೆವಲ್ಲ' ಅಂತ ನಾನೂ ಕೇಳಿದ್ದೆ. ಇಂಜೆಕ್ಷನ್ ಕಾಯಿಲೆಯ ಜೋರು ಕಡಿಮೆ ಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ. ಊಟ ಬಿಟ್ಟರೆ, ಜ್ವರ ಬಂದರೆ ಪಶುವೈದ್ಯರಿಗೆ ಮತ್ತೆ ತೋರಿಸಿ. ಮತ್ತೆ, ಎರಡು ವಾರ ಸೊಸೈಟಿಯ ಬೇರೆ ನಾಯಿಗಳ ಹತ್ತಿರ ಬಿಡಬೇಡಿ, ಬೋರ್ಡಿಂಗಿನವರಿಗೂ ಒಂದು ಫೋನ್ ಮಾಡಿ ಹೇಳಿ. ನಾನು ಹೇಳುವುದು ತಡಮಾಡಿದೆ, ಅಷ್ಟರಲ್ಲಿ ಮೂರನೇ ಮಹಡಿಯ ಲ್ಯಾಬ್ರಡಾರ್ ಕೆಮ್ಮಲು ಶುರುಮಾಡಿತ್ತು.